ಯಾರ ಹೆಸರಿಗೆ ಬಂಡಿ ಕಟ್ಟಿದರು?

ಎಲ್ಲರಿಗೂ ನಮಸ್ಕಾರ. ಹೊಲದಿಂದ ಈಗ ತಾನೇ ಬಂದು ಕೈಕಾಲು ತೊಳೆದು ಕೂತವರಿಗೆ, ರೊಟ್ಟಿ ಬಡಿಯುತ್ತಾ ಕೇಳುತ್ತಿರುವ ತಾಯಂದಿರಿಗೆ, ತಾಲೀಮು ಮನೆಯಲ್ಲಿ ರೇಡಿಯೊ ಹಚ್ಚಿಟ್ಟು ಬಸ್ಕಿ ಹೊಡೆಯುತ್ತಿರುವ ಹುಡುಗರಿಗೆ, ಎಲ್ಲರಿಗೂ.

ನಾನು ಚಿಕ್ಕೋಡಿ ತಾಲ್ಲೂಕಿನವನು. ಶಾಲೆಯಲ್ಲಿ ಮೂವತ್ತು ವರ್ಷ ಪಿ.ಟಿ. ಮಾಸ್ತರನಾಗಿದ್ದೆ. ಅದಕ್ಕೂ ಮೊದಲು ಕೆಂಪು ಮಣ್ಣಿನಲ್ಲಿ ಕುಸ್ತಿ ಹಿಡಿದವನು. ಈಗ ಜಾತ್ರೆ ಕುಸ್ತಿಗಳಿಗೆ ಪಂಚನಾಗಿ, ಅಂದರೆ ತೀರ್ಪು ಹೇಳುವವನಾಗಿ ಹೋಗುತ್ತೇನೆ. ಹೋದ ಕಡೆಯಲ್ಲೆಲ್ಲ ಹುಡುಗರು ಒಂದೇ ಪ್ರಶ್ನೆ ಕೇಳುತ್ತಾರೆ. ‘ಸರ್, ಹಾಲ್ ಆಫ್ ಫೇಮ್‌ನಲ್ಲಿ ಯಾರಿರಬೇಕು?’ ಅದಕ್ಕೆ ಇವತ್ತು ಉತ್ತರ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಅಮೆರಿಕದಲ್ಲಿ ಡಬ್ಲ್ಯೂಡಬ್ಲ್ಯೂಇ ಅಂತ ಒಂದು ಕಂಪನಿ ಇದೆ. ಟಿ.ವಿ.ಯಲ್ಲಿ ಬರುವ ಕುಸ್ತಿ ನಡೆಸುವವರು. ಅವರು 1993ರಲ್ಲಿ ಹಳೆಯ ದೊಡ್ಡ ಪೈಲ್ವಾನರ ಹೆಸರು ಬರೆದಿಡುವ ಪಟ್ಟಿ ಶುರು ಮಾಡಿದರು. ಅದೇ ಹಾಲ್ ಆಫ್ ಫೇಮ್. ನಾನು ಅದನ್ನು ಮಾನದ ಮನೆ ಅನ್ನುತ್ತೇನೆ. ಮೊದಲ ಹೆಸರು ಆಂಡ್ರೆ ದಿ ಜೈಂಟ್, ಬೆಟ್ಟದಂಥ ಮನುಷ್ಯ. ಆ ವರ್ಷ ಬೇರೆ ಯಾರನ್ನೂ ಸೇರಿಸಲಿಲ್ಲ. ಆಮೇಲೆ ಪಟ್ಟಿ ಬೆಳೆಯುತ್ತಾ ಹೋಯಿತು. 2013ರಲ್ಲಿ ಡೊನಾಲ್ಡ್ ಟ್ರಂಪ್ ಅವರ ಹೆಸರನ್ನೂ ಸೇರಿಸಿದರು. ಗಣ್ಯರಿಗೆ ಅಂತ ಬೇರೆ ಸಾಲು ಇದೆಯಂತೆ. ಇರಲಿ. ನನಗೆ ಪೈಲ್ವಾನರ ಸಾಲು ಮುಖ್ಯ.

ಹುಡುಗರು ಈ ಪ್ರಶ್ನೆ ಬಂದ ಕೂಡಲೇ ಚಾಂಪಿಯನ್‌ಗೆ ಕೊಡುವ ಬೆಲ್ಟ್ ಎಣಿಸಲು ಶುರು ಮಾಡುತ್ತಾರೆ. ಜಾನ್ ಸೀನಾ ಹದಿನೇಳು ಸಲ ಗೆದ್ದ, ಇನ್ನೊಬ್ಬ ಹದಿನಾರು ಸಲ ಗೆದ್ದ. ಇವರ ಅಣ್ಣಂದಿರು ಕಾರ್ಡ್ ಇಟ್ಟುಕೊಂಡು ಆಡುತ್ತಿದ್ದರು, ನೆನಪಿದೆಯಾ? ಎತ್ತರ ಎಷ್ಟು, ತೂಕ ಎಷ್ಟು, ಎದೆ ಎಷ್ಟು ಇಂಚು. ಶಾಲೆಯಲ್ಲಿ ಆ ಕಾರ್ಡುಗಳನ್ನು ನಾನೇ ಎಷ್ಟೋ ಸಲ ಕಸಿದುಕೊಂಡಿದ್ದೇನೆ. ಮಕ್ಕಳೇ, ಲೆಕ್ಕ ಅಲ್ಲಿಲ್ಲ. ಟಿ.ವಿ. ಕುಸ್ತಿಯಲ್ಲಿ ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಗಿರುತ್ತದೆ. ಬೆಲ್ಟ್ ಯಾರಿಗೆ ಅಂತ ಮಾಲೀಕ ಹೇಳುತ್ತಾನೆ. ಅವನು ಕೊಟ್ಟ ಬೆಲ್ಟ್ ಎಣಿಸಿದರೆ ಸಿಗುವುದು ಮಾಲೀಕನ ಮನಸ್ಸು ಮಾತ್ರ.

ಆದರೆ ಜನರನ್ನು ಕರೆದುಕೊಂಡು ಬರುವುದು ಮಾಲೀಕನ ಕೈಯಲ್ಲಿಲ್ಲ. ಅಲ್ವಾ? ಇವನನ್ನು ನೋಡಲೇಬೇಕು ಅಂತ ರೈತ ಹೊಲದ ಕೆಲಸ ಬಿಟ್ಟು ಎತ್ತು ಹೂಡುತ್ತಾನಲ್ಲ, ಅದನ್ನು ಯಾರೂ ಹೇಳಿ ಮಾಡಿಸಲು ಆಗುವುದಿಲ್ಲ. ಹಾಗಾಗಿ ನನ್ನದು ಒಂದೇ ಅಳತೆ. ಯಾರ ಹೆಸರಿಗೆ ಜನ ಬಂಡಿ ಕಟ್ಟಿದರು? ಅವನು ಒಳಗೆ. ಕಟ್ಟಲಿಲ್ಲವೋ, ಅವನು ಹೊರಗೆ.

ಈ ಅಳತೆ ನನಗೆ ಎಲ್ಲಿ ಸಿಕ್ಕಿತು ಅಂತ ಹೇಳಬೇಕು. ಸ್ವಲ್ಪ ಉದ್ದ ಆಗುತ್ತದೆ, ಕೇಳಿ.

1950ರ ಆಸುಪಾಸು. ನಮ್ಮ ಅಪ್ಪನಿಗೆ ಆಗ ಇಪ್ಪತ್ತು ವರ್ಷ ಇರಬೇಕು. ಕೊಲ್ಹಾಪುರದ ಖಾಸಬಾಗ್ ಮೈದಾನದಲ್ಲಿ ದೊಡ್ಡ ಕುಸ್ತಿ ಇದೆ, ಪಂಜಾಬಿನಿಂದ ಪೈಲ್ವಾನ ಬರುತ್ತಾನೆ ಅಂತ ಸುದ್ದಿ ಬಂತು. ಖಾಸಬಾಗ್ ಅಂದರೆ ಸುಮ್ನೆ ಅಲ್ಲ. ಕೊಲ್ಹಾಪುರದ ದೊರೆ ಶಾಹೂ ಮಹಾರಾಜರು ಯುರೋಪಿಗೆ ಹೋಗಿದ್ದಾಗ ರೋಮ್‌ನ ದೊಡ್ಡ ಕಣ ನೋಡಿ ಬಂದು 1912ರಲ್ಲಿ ಕಟ್ಟಿಸಿದ ಮೈದಾನ. ಎಲ್ಲಿ ಕೂತರೂ ನಡುವಿನ ಮಣ್ಣು ಕಾಣುತ್ತದೆ. ನಮ್ಮ ಭಾಗದ ಪೈಲ್ವಾನರಿಗೆ ಅಲ್ಲಿ ಲಂಗೋಟಿ ಕಟ್ಟುವುದೇ ಒಂದು ಹಂಬಲ.

ಅಪ್ಪ, ಇನ್ನಿಬ್ಬರು ಗೆಳೆಯರು, ಪಕ್ಕದ ಮನೆ ಕಾಕಾ, ನಾಲ್ಕು ಜನ ಹೊರಟರು. ಬಂಡಿ ಕಾಕಾನದು, ಎತ್ತು ಕಾಕಾನವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಬುತ್ತಿ ಕಟ್ಟಿದರು. ಬಂಡಿ ಕೆಳಗೆ ಕಂದೀಲು ತೂಗುಬಿಟ್ಟು ರಾತ್ರಿಯೆಲ್ಲ ಹೊಡೆದರು. ಬೆಳಗಾಗುವಾಗ ನಿಪ್ಪಾಣಿ. ಅಲ್ಲಿ ಎತ್ತಿಗೆ ನೀರು ಕುಡಿಸಿ ಮತ್ತೆ ಹೊರಟರು. ದೂಧಗಂಗಾ ದಾಟಿ ಸ್ವಲ್ಪ ದೂರ ಹೋಗಿರಬೇಕು, ಬಂಡಿ ಅಚ್ಚು ಮುರಿಯಿತು.

ಏನು ಮಾಡುವುದು? ಎತ್ತು ಬಿಟ್ಟು ಹೋಗುವಂತಿಲ್ಲ. ಒಬ್ಬರು ಉಳಿಯಲೇಬೇಕು. ಉಳಿದವನಿಗೆ ಕುಸ್ತಿ ಇಲ್ಲ. ಕಡ್ಡಿ ಎತ್ತೋಣ ಅಂದರು ಅಪ್ಪ. ಕಾಕಾ ಒಪ್ಪಲಿಲ್ಲ. ‘ಎತ್ತು ನನ್ನವು. ಬ್ಯಾರೆಯವರು ನಿಂತ್ರ ಅವು ಮೇವು ಮುಟ್ಟೂದಿಲ್ಲ. ನೀವು ಹೋಗ್ರಿ. ಆದ್ರ ಬಂದು ನನಗ ಒಂದೂ ಬಿಡದಂಗ ಹೇಳಬೇಕು’ ಅಂದನಂತೆ. ಮೂರು ಜನ ನಡೆದು ಹೋದರು.

ಕುಸ್ತಿ ಎಷ್ಟು ಹೊತ್ತು ನಡೆಯಿತು ಗೊತ್ತಾ? ಎಲೆ ಅಡಿಕೆ ಹಾಕಿಕೊಂಡು ಉಗುಳುವಷ್ಟು ಹೊತ್ತೂ ಇಲ್ಲ. ಕೈ ಕೂಡಿತು, ಕುತ್ತಿಗೆಗೆ ಕೈ ಬಿತ್ತು, ಕೊಲ್ಹಾಪುರದವನು ಢಾಕ್ ಅನ್ನುವ ಪಟ್ಟು ಹಾಕಿದ, ಪಂಜಾಬಿ ಚಿತ್, ಬೆನ್ನು ನೆಲಕ್ಕೆ. ಅಷ್ಟೇ. ಜನ ಮುಂಡಾಸು ಮೇಲಕ್ಕೆ ಎಸೆದರಂತೆ. ಆ ಒಂದು ಪಟ್ಟು ನೋಡಲು ಇವರು ಅಷ್ಟು ದೂರದಿಂದ ಬಂದಿದ್ದರು.

ವಾಪಸ್ ಬಂದಾಗ ಮರುದಿನ ಬೆಳಿಗ್ಗೆ. ಕಾಕಾ ಬಡಿಗನನ್ನು ಹುಡುಕಿ ಅಚ್ಚು ಹಾಕಿಸಿಕೊಂಡು ಕಾಯುತ್ತಾ ಕೂತಿದ್ದಾನೆ. ‘ಏನ್ ಆತು?’ ಅಂದ. ಅಪ್ಪ ಬಾಯಲ್ಲಿ ಹೇಳಿದರು. ಕಾಕಾನಿಗೆ ಸಾಲಲಿಲ್ಲ. ‘ಕೈ ಎಲ್ಲಿ ಹಾಕಿದ? ಎಡಗಾಲು ಮುಂದಿತ್ತೋ ಬಲಗಾಲೋ?’ ಕೊನೆಗೆ ಅಲ್ಲೇ ರಸ್ತೆ ಪಕ್ಕದ ಕರಿಮಣ್ಣಿನಲ್ಲಿ ಅಪ್ಪ ಪಂಜಾಬಿಯಾಗಿ ನಿಂತರು, ಗೆಳೆಯ ಕೊಲ್ಹಾಪುರದವನಾದ. ಕುಸ್ತಿ ಮತ್ತೆ ಮಾಡಿ ತೋರಿಸಿದರು. ಒಂದು ಸಲ ಅಲ್ಲ, ಮೂರು ಸಲ. ಮೂರು ಸಲವೂ ಅಪ್ಪನನ್ನು ನೆಲಕ್ಕೆ ಹಾಕಿದರು. ಮೂರನೇ ಸಲ ಕಾಕಾ ಎದ್ದು ನಿಂತು ತನ್ನ ಮುಂಡಾಸು ಮೇಲಕ್ಕೆ ಎಸೆದನಂತೆ.

ಈಗ ಮುಖ್ಯ ಮಾತು. ನಾನು ಚಿಕ್ಕವನಿದ್ದಾಗ ಆ ಕುಸ್ತಿಯ ಕಥೆ ನನಗೆ ಹೇಳಿದ್ದು ಅಪ್ಪ ಅಲ್ಲ, ಕಾಕಾ. ನಮ್ಮ ಊರಲ್ಲಿ ಆ ಕುಸ್ತಿಯನ್ನು ಕಾಕಾನಷ್ಟು ಚೆನ್ನಾಗಿ ಹೇಳುವವರು ಇರಲಿಲ್ಲ. ಪಂಜಾಬಿಯ ಕಿವಿ ಹೇಗೆ ಮುರುಟಿತ್ತು, ಬಿದ್ದಾಗ ಮಣ್ಣು ಎಷ್ಟು ಎತ್ತರ ಹಾರಿತು, ಎಲ್ಲ ಹೇಳುತ್ತಿದ್ದ. ಕಣ್ಣಿಂದ ನೋಡಿದ ಮೂವರೂ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ಬಂಡಿ ಕಟ್ಟಿಸಿದ್ದಷ್ಟೇ ಅಲ್ಲ, ನೋಡದವನ ಕಣ್ಣೊಳಗೂ ಹೋಗಿ ಕೂತ ಪೈಲ್ವಾನ ಅವನು.

ಈಗ ಅಳತೆ ಹಿಡಿದು ನೋಡೋಣ. ಮೊದಲ ಹೆಸರು ಗಾಮಾ. ಸಣ್ಣ ಹುಡುಗ ಎದೆ ಉಬ್ಬಿಸಿ ನಿಂತರೆ ಇವತ್ತಿಗೂ ‘ಏನೋ, ದೊಡ್ಡ ಗಾಮಾ ಪೈಲ್ವಾನ ಆದ್ಯಾ?’ ಅನ್ನುತ್ತೇವೆ. ಹುಟ್ಟಿದ್ದು ಅಮೃತಸರದ ಕಡೆ, 1878ರಲ್ಲಿ. 1910ರಲ್ಲಿ ಲಂಡನ್ನಿಗೆ ಹೋದರು. ಎತ್ತರ ಐದೂವರೆ ಅಡಿಗೆ ಸ್ವಲ್ಪ ಜಾಸ್ತಿ ಅಷ್ಟೇ. ಇವನೇನು ಕುಸ್ತಿ ಹಿಡಿಯುತ್ತಾನೆ ಅಂತ ಅಲ್ಲಿಯವರು ಮೊದಲು ಸೇರಿಸಿಕೊಳ್ಳಲಿಲ್ಲ. ಗಾಮಾ ಬಹಿರಂಗ ಸವಾಲು ಹಾಕಿದರು. ಅಮೆರಿಕದ ರೋಲರ್ ಅನ್ನುವ ಪೈಲ್ವಾನನನ್ನು ಕೆಡವಿದರು. ಆಮೇಲೆ ಸೆಪ್ಟೆಂಬರ್ 10ಕ್ಕೆ ಪೋಲೆಂಡಿನ ಜ್ಬಿಸ್ಕೊ ಜೊತೆ ಕುಸ್ತಿ. ಮೊದಲ ನಿಮಿಷದಲ್ಲೇ ಅವನನ್ನು ಕೆಳಗೆ ಹಾಕಿದರು. ಅವನು ಬೆನ್ನು ತೋರಿಸಿ ನೆಲಕ್ಕೆ ಕಚ್ಚಿಕೊಂಡವನು ಏಳಲಿಲ್ಲ. ಎರಡೂವರೆ ಗಂಟೆ! ಕತ್ತಲಾಯಿತು, ಕುಸ್ತಿ ನಿಲ್ಲಿಸಿದರು. ಮುಂದಿನ ವಾರ ಮತ್ತೆ ಬರಬೇಕಿತ್ತು, ಜ್ಬಿಸ್ಕೊ ಬರಲೇ ಇಲ್ಲ. ಬೆಲ್ಟ್ ಗಾಮಾಗೆ ಕೊಟ್ಟರು. ಹದಿನೆಂಟು ವರ್ಷ ಆದ ಮೇಲೆ, 1928ರಲ್ಲಿ, ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದರು. ಒಂದು ನಿಮಿಷ ಕೂಡ ಹಿಡಿಯಲಿಲ್ಲ, ಜ್ಬಿಸ್ಕೊ ಚಿತ್. ಇದು ಮೊದಲೇ ಮಾತಾದ ಕುಸ್ತಿ ಅಲ್ಲ. ಗಾಮಾ ಇಲ್ಲದ ಮಾನದ ಮನೆಗೆ ನಾನು ಚಪ್ಪಲಿ ಬಿಟ್ಟು ಒಳಗೆ ಹೋಗುವುದಿಲ್ಲ.

ಎರಡನೇ ಹೆಸರು ನಮ್ಮ ಜಿಲ್ಲೆಯದು. ಇದನ್ನು ಜೋರಾಗಿ ಹೇಳಬೇಕು, ಏಕೆಂದರೆ ನಮ್ಮ ಹುಡುಗರಿಗೇ ಗೊತ್ತಿಲ್ಲ. ಶ್ರೀಪತಿ ಖಂಚನಾಳೆ. ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾ ಊರಿನವರು. ಹುಟ್ಟಿದ್ದು 1934. ಕೊಲ್ಹಾಪುರಕ್ಕೆ ಹೋಗಿ ತಾಲೀಮು ಮಾಡಿದರು. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಪೈಲ್ವಾನರನ್ನು ಸೋಲಿಸಿ ಹಿಂದ್ ಕೇಸರಿ ಅನ್ನುವ ದೇಶದ ದೊಡ್ಡ ಕುಸ್ತಿ ಪಟ್ಟ ಗೆದ್ದರು. ದೇಶದ ಮೊದಲ ಹಿಂದ್ ಕೇಸರಿ ಅಂತಲೇ ಹೆಸರಾದವರು! ನಮ್ಮ ಕಬ್ಬಿನ ಹೊಲದ ನಡುವಿನ ಊರಿನ ಹುಡುಗ. ಮಹಾರಾಷ್ಟ್ರದವರು ಅವರನ್ನು ನಮ್ಮವರು ಅನ್ನುತ್ತಾರೆ, ಅನ್ನಲಿ, ಅವರು ಬದುಕಿದ್ದು ಅಲ್ಲೇ. 2020ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದೂ ಕೊಲ್ಹಾಪುರದಲ್ಲೇ. ಆದರೆ ನಾವು ಯಾಕೆ ಸುಮ್ಮನಿದ್ದೇವೆ? ಸಾವಿರಾರು ಮೈಲಿ ದೂರದ ಅಂಡರ್‌ಟೇಕರ್ ಎಷ್ಟು ಕುಸ್ತಿ ಗೆದ್ದ ಅಂತ ನಮ್ಮ ಹುಡುಗ ನಿದ್ದೆಯಲ್ಲೂ ಹೇಳುತ್ತಾನೆ. ಖಂಚನಾಳೆ ಯಾರು ಅಂದರೆ ಮುಖ ನೋಡುತ್ತಾನೆ. ತಪ್ಪು ಹುಡುಗನದಲ್ಲ. ನಾವು ಹೇಳಿಲ್ಲ.

ಆಮೇಲೆ ದಾರಾ ಸಿಂಗ್. ಇವರು ಮೊದಲೇ ಮಾತಾದ ಕುಸ್ತಿಯನ್ನೂ ಆಡಿದರು, ಸರಿ. ಕೆಲವರು ಮೂಗು ಮುರಿಯುತ್ತಾರೆ, ‘ಅದೆಲ್ಲ ಸುಳ್ಳು ಕುಸ್ತಿ’ ಅಂತ. ನನಗೆ ಈ ಮಾತು ಕೇಳಿದರೆ ತಾಳ್ಮೆ ಹೋಗುತ್ತದೆ. ದೊಡ್ಡಾಟದಲ್ಲಿ ದುಶ್ಯಾಸನ ಸಾಯುತ್ತಾನೆ ಅಂತ ಊರಿಗೆಲ್ಲ ಗೊತ್ತು. ಆದರೂ ಕಂಬಳಿ ಹೊದ್ದು ಬೆಳಗಿನ ತನಕ ಕೂರುವುದಿಲ್ಲವೇ? ಬೀಳುವ ಮೈ ಸುಳ್ಳಲ್ಲ, ನೋವೂ ಸುಳ್ಳಲ್ಲ. ದಾರಾ ಸಿಂಗ್ 1968ರಲ್ಲಿ ಮುಂಬೈಯಲ್ಲಿ ಅಮೆರಿಕದ ಲೂ ಥೆಜ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಅನ್ನಿಸಿಕೊಂಡರು. ಮುಂದೆ ಟಿ.ವಿ.ಯಲ್ಲಿ ಹನುಮಂತನಾದರು. ನಮ್ಮ ಎಷ್ಟೋ ತಾಲೀಮುಗಳಲ್ಲಿ ಹನುಮಪ್ಪನ ಪಟದ ಪಕ್ಕದಲ್ಲೇ ಅವರ ಫೋಟೊ ಇದೆ. ತೀರಿಕೊಂಡಿದ್ದು 2012ರಲ್ಲಿ. ಅಮೆರಿಕದವರು ಅವರ ಹೆಸರು ಬರೆದದ್ದು 2018ರಲ್ಲಿ. ಆರು ವರ್ಷ ಮೊದಲು ಬರೆದಿದ್ದರೆ ಆ ಮನುಷ್ಯ ಕಣ್ಣಿಂದ ನೋಡುತ್ತಿದ್ದರು.

ದಾರಾ ಸಿಂಗ್ ಹೆಸರು ಹೇಳಿದ ಮೇಲೆ ಕಿಂಗ್ ಕಾಂಗ್ ಹೆಸರೂ ಹೇಳಬೇಕು. ಹಂಗೇರಿಯವನು, ಸುಮಾರು ಎರಡು ನೂರು ಕಿಲೊ ತೂಕ. ಅಷ್ಟು ದೊಡ್ಡವನು ಎದುರಿಗೆ ನಿಂತಿದ್ದಕ್ಕೇ ದಾರಾ ಸಿಂಗ್ ಅಷ್ಟು ದೊಡ್ಡದಾಗಿ ಕಂಡರು. ಜೋಡಿ ಸರಿ ಇಲ್ಲದಿದ್ದರೆ ಕುಸ್ತಿ ಇಲ್ಲ. ಜನ ಬಂಡಿ ಕಟ್ಟಿದ್ದು ಇಬ್ಬರ ಹೆಸರಿಗೂ. ಸೋತವನನ್ನು ಹೊರಗೆ ನಿಲ್ಲಿಸಬೇಡಿ.

ಹೊತ್ತಾಯಿತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಬಂಗಾಳದ ಗೋಬರ್ ಗುಹ ಬೇಕು. 1921ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಡ್ ಸ್ಯಾಂಟೆಲ್ ಅವರನ್ನು ಸೋಲಿಸಿ ಪಟ್ಟ ಗೆದ್ದವರು. ಟಿ.ವಿ. ಕುಸ್ತಿಯ ಗ್ರೇಟ್ ಖಲಿ ಬೇಕು. ಮಂಡಿ ನೋವಿನ ಮನುಷ್ಯ, ಪಟ್ಟು ಕಡಿಮೆ, ಅದು ನಿಜ. ಆದರೆ 2007ರಲ್ಲಿ ಅವರು ಬೆಲ್ಟ್ ಎತ್ತಿದಾಗ ನಮ್ಮ ಹಳ್ಳಿಯಲ್ಲಿ ಟಿ.ವಿ. ಇದ್ದ ಮನೆಯೊಳಗೆ ಕಾಲಿಡಲು ಜಾಗ ಇರಲಿಲ್ಲ. ಬಂಡಿ ಹೋಗಿ ಟಿ.ವಿ. ಬಂದಿತ್ತು ಅಷ್ಟೇ. 2021ರಲ್ಲಿ ಹಾಲ್ ಆಫ್ ಫೇಮ್ ಸೇರಿದರು, ಸರಿಯಾಯಿತು.

ಮತ್ತೆ ಒಬ್ಬ ಹೆಣ್ಣುಮಗಳು. ಹಮೀದಾ ಬಾನು. ಅಲಿಗಢದವರು ಅಂತಲೇ ಹೆಸರಾದವರು. ನನ್ನನ್ನು ಸೋಲಿಸಿದವನನ್ನು ಮದುವೆಯಾಗುತ್ತೇನೆ ಅಂತ ಗಂಡಸರಿಗೆ ಸವಾಲು ಹಾಕಿದರು. 1954ರಲ್ಲಿ ಬಡೋದೆಯಲ್ಲಿ ಬಾಬಾ ಪೈಲ್ವಾನರನ್ನು 1 ನಿಮಿಷ 34 ಸೆಕೆಂಡಿನಲ್ಲಿ ಕೆಡವಿದರು. ಕೊನೆಗಾಲದಲ್ಲಿ ಹಾಲು ಮಾರಿ ಬದುಕಿದರು. ಇವರ ಬಗ್ಗೆಯೇ ಒಂದು ಪೂರ್ತಿ ಭಾಷಣ ಬೇಕು. ಇನ್ನೊಮ್ಮೆ ಕರೆದರೆ ಬಂದು ಹೇಳುತ್ತೇನೆ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ಮಾಡಿ. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಹಳೆಯ ಜಾತ್ರೆ ಕುಸ್ತಿಯ ಕರಪತ್ರ ಇರಬಹುದು. ಅಜ್ಜ ಗೆದ್ದ ಬೆಳ್ಳಿ ಕಡಗ, ಫೇಟಾ ಸುತ್ತಿಕೊಂಡು ತೆಗೆಸಿದ ಫೋಟೊ ಇರಬಹುದು. ರದ್ದಿಯವನಿಗೆ ಹಾಕಬೇಡಿ. ಕಡಗ ಕರಗಿಸಬೇಡಿ. ಫೋಟೊದ ಹಿಂದೆ ಹೆಸರು, ಊರು, ಯಾವ ಜಾತ್ರೆ, ಯಾವ ವರ್ಷ ಅಂತ ಪೆನ್ನಿನಿಂದ ಬರೆದು ನಿಮ್ಮ ಊರಿನ ತಾಲೀಮಿನ ಗೋಡೆಗೆ ಹಾಕಿ. ಅಲ್ಲಿ ನಮ್ಮ ಮಾನದ ಮನೆ ಶುರುವಾಗಲಿ. ಮೊದಲ ಮೊಳೆ ಶ್ರೀಪತಿ ಖಂಚನಾಳೆ ಅವರ ಫೋಟೊಗೆ ಹೊಡೆಯಿರಿ.

ನಮಸ್ಕಾರ.