ಕುಕೀ ಗೆದ್ದಿತು, ಸಾಕ್ಸ್ ಬಂತು

ನಮಸ್ಕಾರ. ಇವತ್ತು ಒಂದು ಬೆಕ್ಕಿನ ಮರಿಯಿಂದ ಶುರು ಮಾಡೋಣ.

ಬಿಬಿಸಿಯಲ್ಲಿ 1958ರಿಂದ ಬರುತ್ತಿರುವ 'ಬ್ಲೂ ಪೀಟರ್' ಅನ್ನೋ ಮಕ್ಕಳ ಕಾರ್ಯಕ್ರಮವಿದೆ. 2006ರಲ್ಲಿ ಅಲ್ಲಿಗೆ ಹೊಸ ಬೆಕ್ಕಿನ ಮರಿ ಬಂತು. ಹೆಸರಿಡುವ ಕೆಲಸವನ್ನು ಮಕ್ಕಳಿಗೇ ಬಿಟ್ಟರು. ಮಕ್ಕಳು ವೋಟು ಹಾಕಿದರು, 'ಕುಕೀ' ಗೆದ್ದಿತು. ಆದರೆ ಟೀವಿಯಲ್ಲಿ ಬೆಕ್ಕಿಗೆ ಇಟ್ಟ ಹೆಸರು 'ಸಾಕ್ಸ್'! ಕಾರ್ಯಕ್ರಮದವರೇ ಒಳಗೊಳಗೆ ಬದಲಾಯಿಸಿದ್ದರು. ಮರುವರ್ಷ ವಿಷಯ ಹೊರಬಿತ್ತು.

ಬೆಕ್ಕಿನ ಹೆಸರು ತಾನೇ, ಬಿಡಿ ಅಂತೀರಾ? ನಿಜ ಹೇಳಬೇಕಂದ್ರೆ ನನಗೂ ಸಾಕ್ಸ್ ಅನ್ನೋ ಹೆಸರೇ ಜಾಸ್ತಿ ಇಷ್ಟ. ಆದರೆ ಅವರು ಕೇಳಿದ್ದು ನನ್ನನ್ನಲ್ಲ, ಮಕ್ಕಳನ್ನು. ಕೇಳಿದ ಮೇಲೆ ಉತ್ತರ ಹಿಡಿಸದಿದ್ದರೂ ನುಂಗಿಕೊಳ್ಳಬೇಕಿತ್ತು, ಅಲ್ವಾ?

2006ರ ನವೆಂಬರಿನಲ್ಲಿ ಅದೇ ಕಾರ್ಯಕ್ರಮ ಒಂದು ಫೋನ್ ಸ್ಪರ್ಧೆ ನಡೆಸಿತು. ನೇರ ಪ್ರಸಾರದ ಹೊತ್ತಿಗೆ ಯಂತ್ರ ಕೈಕೊಟ್ಟಿತು, ಮಕ್ಕಳ ಕರೆ ಒಳಗೆ ಬರಲಿಲ್ಲ. ಸ್ಟುಡಿಯೋ ನೋಡಲು ಬಂದಿದ್ದ ಒಂದು ಮಗುವನ್ನು ಹಿಡಿದು, ಹೊರಗಿನಿಂದ ಫೋನ್ ಮಾಡಿ ಗೆದ್ದವರ ಹಾಗೆ ಮಾತಾಡಿಸಿದರು. 2007ರಲ್ಲಿ ಬ್ರಿಟನ್ನಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಬಿಬಿಸಿಗೆ 50,000 ಪೌಂಡ್ ದಂಡ ಹಾಕಿತು. ದಂಡದ ಮಾತು ಇರಲಿ. ಆ ಮಗುವಿನ ಜಾಗದಲ್ಲಿ ನಿಂತು ನೋಡಿ. ಸುಳ್ಳು ಹೇಳಬಾರದು ಅಂತ ಕಲಿಸುವ ದೊಡ್ಡವರೇ ಕೈಗೆ ಫೋನ್ ಕೊಟ್ಟು ಸುಳ್ಳು ಹೇಳಿಸಿದರು. ಅದೂ ತನ್ನದೇ ವಯಸ್ಸಿನವರಿಗೆ.

ಮಕ್ಕಳ ಟೀವಿಯ ವಿವಾದ ಅಂದರೆ ಜನಕ್ಕೆ ಇದೆಲ್ಲ ನೆನಪಾಗುವುದಿಲ್ಲ. ನೆನಪಾಗುವುದು 'ಟೆಲಿಟಬ್ಬೀಸ್' ಅನ್ನೋ ಪುಟಾಣಿಗಳ ಕಾರ್ಯಕ್ರಮದ 1999ರ ಗಲಾಟೆ. ಅದರಲ್ಲಿ ಟಿಂಕಿ ವಿಂಕಿ ಅನ್ನೋ ನೇರಳೆ ಬಣ್ಣದ ಪಾತ್ರದ ಕೈಯಲ್ಲಿ ಚೀಲ, ತಲೆ ಮೇಲೆ ತ್ರಿಕೋನ. ಇದು ಸಲಿಂಗಿಗಳ ಗುರುತು ಅಂತ ಅಮೆರಿಕದ ಧರ್ಮಪ್ರಚಾರಕ ಜೆರ್ರಿ ಫಾಲ್ವೆಲ್ ಅವರ ಪತ್ರಿಕೆ ಬರೆಯಿತು. ಎರಡು ವರ್ಷದ ಮಗುವಿಗೆ ಅದು ಚೀಲ. ಅಷ್ಟೇ.

ಇನ್ನು ಪೋಕೆಮಾನ್ ಅನ್ನೋ ಜಪಾನಿ ಕಾರ್ಟೂನು. ಅಲ್ಲಿ ಆಗಿದ್ದು ನಿಜವಾದ ಅನಾಹುತ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಒಂದು ಕಂತು ಬಂತು. ಪರದೆ ಮೇಲೆ ಕೆಂಪು ನೀಲಿ ಬೆಳಕು ಪಟಪಟನೆ ಮಿನುಗಿತು. ಅದನ್ನು ನೋಡಿ ಫಿಟ್ಸ್, ತಲೆಸುತ್ತು ಬಂದ ಸುಮಾರು 685 ಮಕ್ಕಳನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಕಾರ್ಯಕ್ರಮ ನಾಲ್ಕು ತಿಂಗಳು ನಿಂತಿತು. ಹೀಗಾಗಲಿ ಅಂತ ಯಾರೂ ಮಾಡಿದ್ದಲ್ಲ. ಅದಕ್ಕೇ ನಾನು ಇದನ್ನು ಬೆಕ್ಕಿನ ಪಕ್ಕ ಇಡುವುದಿಲ್ಲ. ಒಂದು ತಮಾಷೆ ಮಾತ್ರ ಹೇಳಿಬಿಡುತ್ತೇನೆ. ಕಥೆಯಲ್ಲಿ ಆ ಬೆಳಕು ಹೊಮ್ಮಿದ್ದು ಅದರ ಮುಖ್ಯ ಪಾತ್ರ ಪಿಕಾಚು ಹೊಡೆದ ಮಿಂಚಿನಿಂದ. ಆಮೇಲೆ ಕಾರ್ಯಕ್ರಮದಲ್ಲಿ ಮೂಲೆಗೆ ಬಿದ್ದದ್ದು ಅದೇ ಕಂತಿನಲ್ಲಿದ್ದ ಪೋರಿಗಾನ್ ಅನ್ನೋ ಬಡಪಾಯಿ ಪಾತ್ರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ತಪ್ಪನ್ನು ತಿದ್ದಿಕೊಂಡ ರೀತಿ ನೋಡಬೇಕು ಅಂದರೆ ನಾನು 'ಸೆಸಮೀ ಸ್ಟ್ರೀಟ್' ಅನ್ನೋ ಅಮೆರಿಕದ ಮಕ್ಕಳ ಕಾರ್ಯಕ್ರಮ ತೋರಿಸುತ್ತೇನೆ. ಅಲ್ಲಿ ಬಿಗ್ ಬರ್ಡ್ ಅನ್ನೋ ಹಳದಿ ಹಕ್ಕಿಗೆ ಸ್ನಫಿ ಎಂಬ ಗೆಳೆಯ. ಆನೆಯಂಥ ದೊಡ್ಡ ಕಂದು ಪ್ರಾಣಿ. ದೊಡ್ಡವರು ಬರುವಷ್ಟರಲ್ಲಿ ಅದು ಜಾಗ ಖಾಲಿ ಮಾಡಿರುತ್ತದೆ. "ಈಗ ತಾನೇ ಇಲ್ಲೇ ಇತ್ತು" ಅಂತ ಬಿಗ್ ಬರ್ಡ್ ಎಷ್ಟು ಹೇಳಿದರೂ ಸುಮ್ನೆ ಕಲ್ಪನೆ ಅಂತ ನಗುತ್ತಾರೆ. 1971ರಲ್ಲಿ ಶುರುವಾದ ಈ ತಮಾಷೆ 14 ವರ್ಷ ನಡೆಯಿತು. ಅಷ್ಟರಲ್ಲಿ ಅಮೆರಿಕದಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುದ್ದಿಗಳು ಒಂದರ ಹಿಂದೊಂದು ಬರತೊಡಗಿದವು. ನಿಜ ಹೇಳಿದರೂ ದೊಡ್ಡವರು ನಂಬುವುದಿಲ್ಲ ಅಂತ ನಾವೇ ಮಕ್ಕಳಿಗೆ ಹೇಳಿಕೊಡುತ್ತಿದ್ದೇವಾ ಅನ್ನೋ ಅಳುಕು ಕಾರ್ಯಕ್ರಮದವರನ್ನು ಹಿಡಿಯಿತು. 1985ರಲ್ಲಿ ಎಲ್ಮೋ ಅನ್ನೋ ಇನ್ನೊಂದು ಪುಟ್ಟ ಪಾತ್ರ ಸ್ನಫಿಯ ಸೊಂಡಿಲು ಹಿಡಿದು ಜೋತುಬಿತ್ತು, ಓಡಿಹೋಗದ ಹಾಗೆ. ದೊಡ್ಡವರು ಬಂದರು, ನೋಡಿದರು, ನಂಬಿದರು.

1992ರಲ್ಲಿ ಅವರೇ ಇನ್ನೊಂದು ಎಡವಟ್ಟು ಮಾಡಿಕೊಂಡರು. ಸ್ನಫಿಯ ಅಪ್ಪ ಅಮ್ಮನ ವಿಚ್ಛೇದನದ ಕಂತು ತಯಾರಾಯಿತು. ಪ್ರಸಾರಕ್ಕೆ ಮುಂಚೆ ಕೆಲವು ಮಕ್ಕಳಿಗೆ ತೋರಿಸಿದರು. ಮಕ್ಕಳು ಅತ್ತರು. ಅಪ್ಪ ಎಲ್ಲಿ ಹೋದ ಅಂತ ಗೊಂದಲಕ್ಕೆ ಬಿದ್ದರು. ದುಡ್ಡು ಸುರಿದು ಮಾಡಿದ ಕಂತನ್ನು ಹಾಗೇ ಮುಚ್ಚಿಟ್ಟರು.

ಆ ವಿಷಯ ಅವರು ಮತ್ತೆ ಎತ್ತಿದ್ದು 2012ರಲ್ಲಿ, ಅದೂ ಟೀವಿಯಲ್ಲಲ್ಲ, ಇಂಟರ್ನೆಟ್ಟಿನಲ್ಲಿ. ಈ ಸಲ ಜಗಳವಿಲ್ಲ, ಬಿಟ್ಟುಹೋಗುವ ದೃಶ್ಯವಿಲ್ಲ. ಎಲ್ಲ ಮುಗಿದು ಬಹಳ ದಿನವಾಗಿದೆ. ಆಬಿ ಅನ್ನೋ ಪುಟಾಣಿ ತಾನು ಬಿಡಿಸಿದ ಚಿತ್ರ ತೋರಿಸುತ್ತಾಳೆ. ಅದರಲ್ಲಿ ಎರಡು ಮನೆ. ಒಂದು ಅಮ್ಮನದು, ಒಂದು ಅಪ್ಪನದು.