ಮೊದಲು ನಂಬರ್, ಆಮೇಲೆ ಸ್ಪ್ಯಾನರ್

ನಮಸ್ಕಾರ. ಕಾಫಿ ಕುಡಿದು, ಮನೆ ಮುಂದೆ ಹಳೇ ಪೇಪರ್ ಹಾಸಿ, ಬೈಕ್ ಪಕ್ಕ ಕೂತು ರೇಡಿಯೊ ಹಾಕಿಕೊಂಡವರು ನಿಮ್ಮಲ್ಲಿ ಕೆಲವರಾದರೂ ಇರುತ್ತೀರಿ. ನಾನು ಮಾತಾಡಲು ಬಂದಿರುವುದು ನಿಮ್ಮ ಜೊತೆಗೇ. ಕೈಯಲ್ಲಿರುವ ಸ್ಪ್ಯಾನರನ್ನು ಹತ್ತು ನಿಮಿಷ ಕೆಳಗಿಡಿ.

ಬೆಂಗಳೂರಿನಲ್ಲಿ 30 ವರ್ಷದಿಂದ ಬೈಕ್ ರಿಪೇರಿ ಮಾಡುತ್ತಿದ್ದೇನೆ. ತಮ್ಮ ಗಾಡಿ ಕೆಲಸ ತಾವೇ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಬಹಳ ಇಷ್ಟ. ಆಯಿಲ್ ಬದಲಾಯಿಸುವುದು, ಚೈನ್ ಬಿಗಿ ಮಾಡುವುದು, ಬ್ರೇಕ್ ಶೂ ಹಾಕುವುದು, ಇದೆಲ್ಲ ಮನೆಯಲ್ಲೇ ಆಗುವ ಕೆಲಸ. ಆದರೆ ಮನೆಯಲ್ಲಿ ಕೆಲಸ ಕೆಟ್ಟು ನನ್ನ ಗ್ಯಾರೇಜಿಗೆ ತಳ್ಳಿಕೊಂಡು ಬರುವ ಗಾಡಿಗಳಲ್ಲಿ ಪದೇ ಪದೇ ಕಾಣುವ ತೊಂದರೆ ಒಂದೇ. ಬೋಲ್ಟನ್ನು ಜಾಸ್ತಿ ಬಿಗಿ ಮಾಡಿರುತ್ತಾರೆ.

ಬಿಗಿ ಮಾಡುವಾಗ ಬೋಲ್ಟ್‌ಗೆ ಏನಾಗುತ್ತದೆ ಗೊತ್ತಾ? ಅದು ಉದ್ದವಾಗುತ್ತದೆ. ಹೌದು, ಉಕ್ಕಿನ ಬೋಲ್ಟೇ. ಕಣ್ಣಿಗೆ ಕಾಣದಷ್ಟು, ರಬ್ಬರ್ ಬ್ಯಾಂಡ್ ಹಾಗೆ ಎಳೆದುಕೊಳ್ಳುತ್ತದೆ. ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ಎಳೆತ ಕಡಿಮೆಯಾದರೆ ನಮ್ಮ ರಸ್ತೆಯ ಗುಂಡಿಗೆ, ಹಂಪ್‌ಗೆ ಅದುರಿ ಅದುರಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಜಾಸ್ತಿಯಾದರೆ ಬೋಲ್ಟ್ ಮತ್ತೆ ಮೊದಲಿನ ಉದ್ದಕ್ಕೆ ಬರುವುದಿಲ್ಲ, ಒಂದು ದಿನ ಮುರಿಯುತ್ತದೆ. ಬೋಲ್ಟ್ ಗಟ್ಟಿಯಿದ್ದರೆ ಅದು ಕೂತಿರುವ ಅಲ್ಯೂಮಿನಿಯಂ ಥ್ರೆಡ್, ಅಂದರೆ ತೂತಿನೊಳಗಿನ ಸುರುಳಿ ಗೆರೆ, ಕಿತ್ತು ಬರುತ್ತದೆ. ಎಷ್ಟು ಎಳೆಯಬೇಕು ಅಂತ ಗಾಡಿ ಮಾಡಿದವರು ಲೆಕ್ಕ ಹಾಕಿ ಒಂದು ನಂಬರ್ ಕೊಟ್ಟಿದ್ದಾರೆ. ಅದೇ ಟಾರ್ಕ್, ಅಂದರೆ ಬೋಲ್ಟನ್ನು ತಿರುಗಿಸುವ ಬಲ. ಅಳೆಯುವುದು ನ್ಯೂಟನ್ ಮೀಟರ್‌ನಲ್ಲಿ.

ಆ ಹೆಸರು ಕೇಳಿ ಹೆದರಬೇಡಿ. ಗೇಣಿಗಿಂತ ಸ್ವಲ್ಪ ಉದ್ದದ ಸ್ಪ್ಯಾನರ್, ಅಂದರೆ 25 ಸೆಂಟಿಮೀಟರಿನದು, ಅಡ್ಡಕ್ಕೆ ಹಿಡಿದಿದ್ದೀರಿ ಅಂದುಕೊಳ್ಳಿ. ಅದರ ತುದಿಗೆ 10 ಕಿಲೋ ಅಕ್ಕಿ ಚೀಲ ನೇತುಹಾಕಿ. ಬೋಲ್ಟ್ ಮೇಲೆ ಬೀಳುವುದು ಸುಮಾರು 25 ನ್ಯೂಟನ್ ಮೀಟರ್. ಎಷ್ಟೋ ಬೈಕುಗಳಲ್ಲಿ ಆಯಿಲ್ ಡ್ರೈನ್ ಬೋಲ್ಟ್‌ಗೆ, ಅಂದರೆ ಹಳೇ ಆಯಿಲ್ ಇಳಿಸಲು ಬಿಚ್ಚುವ ಬೋಲ್ಟ್‌ಗೆ, ಬೇಕಾದದ್ದು ಇಷ್ಟೇ, 20ರಿಂದ 30. ಈಗ ಅದೇ ಸ್ಪ್ಯಾನರ್ ಮೇಲೆ 60 ಕಿಲೋ ತೂಕದ ಮನುಷ್ಯ ಮೈಭಾರ ಬಿಟ್ಟರೆ? 150 ಹತ್ತಿರ ಹೋಗುತ್ತದೆ. ಆರು ಪಟ್ಟು. ಸ್ಪ್ಯಾನರಿಗೆ ಪೈಪ್ ಬೇರೆ ತೂರಿಸಿದರೆ ಇನ್ನೂ ಹೆಚ್ಚು. ಆದ್ದರಿಂದ ಮೊದಲು ನಂಬರ್, ಆಮೇಲೆ ಸ್ಪ್ಯಾನರ್.

ನಮ್ಮ ಬೀದಿಯ ಮೇಷ್ಟ್ರ ವಿಷಯ ಹೇಳಲೇಬೇಕು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವರು. ಗಾಡಿಯನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಾರೆ. ಆಯಿಲ್ ಹಾಕಿದ ತಾರೀಖು, ಓಡಿದ ಕಿಲೋಮೀಟರ್ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದಿಟ್ಟಿರುತ್ತಾರೆ. ಅವರು ಒಂದು ಮಂಗಳವಾರ ಬೆಳಿಗ್ಗೆ ಗಾಡಿ ತಳ್ಳಿಕೊಂಡು ಬಂದರು. ಕೆಳಗಡೆ ಡ್ರೈನ್ ಬೋಲ್ಟ್ ಹತ್ತಿರ ಆಯಿಲ್ ಸೋರುತ್ತಿತ್ತು. ಅದಕ್ಕೆ ಒಂದು ಬಟ್ಟೆ ಕಟ್ಟಿದ್ದರು.

"ಏನಾಯ್ತು ಮೇಷ್ಟ್ರೇ?" ಅಂದೆ.

"ಅಲ್ಲಪ್ಪಾ, ನಿನ್ನೆ ಆಯಿಲ್ ಬದಲಾಯಿಸಿದೆ. ಬೋಲ್ಟ್ ಬಿಗಿ ಮಾಡಿದೆ. ಸೋರಬಾರದಲ್ಲ, ಅದಕ್ಕೆ ಇನ್ನೊಂದು ಸ್ವಲ್ಪ ಎಳೆದೆ. ಆಮೇಲೆ ಇದ್ದಕ್ಕಿದ್ದ ಹಾಗೆ ಸಲೀಸಾಗಿ ತಿರುಗಿತು. ಸರಿಯಾಗಿ ಕೂತಿತು ಅಂದುಕೊಂಡೆ."

ಗಾಡಿ ಕೆಲಸದಲ್ಲಿ ನನಗೆ ಎದೆ ಧಸಕ್ಕೆನ್ನುವ ಮಾತು ಇದೊಂದೇ. ಬಿಗಿಯಾಗುತ್ತಿದ್ದ ಬೋಲ್ಟ್ ಸಲೀಸಾಗಿ ತಿರುಗಿತು ಅಂದರೆ ಅಲ್ಲಿಗೆ ಮುಗಿಯಿತು. ಬೋಲ್ಟ್ ಬಿಚ್ಚಿ ಅವರ ಕೈಗೆ ಕೊಟ್ಟೆ. ಇಂಜಿನ್ನಿನ ಅಲ್ಯೂಮಿನಿಯಂ ಥ್ರೆಡ್ ಪೂರ್ತಿ ಕಿತ್ತುಕೊಂಡು, ಚಕ್ಕುಲಿ ಎಳೆಯ ಹಾಗೆ ಬೋಲ್ಟಿಗೆ ಸುತ್ತಿಕೊಂಡಿತ್ತು. ಮೇಷ್ಟ್ರು ತುಂಬಾ ಹೊತ್ತು ಅದನ್ನೇ ನೋಡಿದರು.

ಕೂರಿಸಿ ಟೀ ಕೊಟ್ಟು ಒಂದೊಂದಾಗಿ ಕೇಳಿದೆ. ಇದು ಒಂದು ದಿನದ ಕತೆಯಲ್ಲ. ಮೊದಲ ಸಲ ಆಯಿಲ್ ಬದಲಾಯಿಸಿದಾಗ ಬೋಲ್ಟಿನ ಹಳೇ ವಾಷರನ್ನೇ ಮತ್ತೆ ಹಾಕಿದ್ದರು. ಮಾರನೇ ದಿನ ಪೇಪರ್ ಮೇಲೆ ಒಂದು ಹನಿ ಆಯಿಲ್. ಬಿಗಿ ಸಾಲದು ಅಂತ ಇನ್ನಷ್ಟು ಎಳೆದರು. ಹನಿ ನಿಂತಿತು. ಮುಂದಿನ ಸಲ ಮತ್ತೆ ಅದೇ ವಾಷರ್, ಮತ್ತೆ ಹನಿ, ಮತ್ತೆ ಒಂದು ಎಳೆತ. ಹೀಗೆ ನಾಲ್ಕು ಸಲ. ಐದನೇ ಸಲಕ್ಕೆ ಥ್ರೆಡ್ ಕೈ ಕೊಟ್ಟಿತು. ಆ ವಾಷರ್ ಇರುವುದೇ ಒಂದು ಸಲ ನಜ್ಜುಗುಜ್ಜಾಗಿ ಸಂದು ಮುಚ್ಚುವುದಕ್ಕೆ. ಹೊಸದು ಹಾಕಿದ್ದರೆ ಅಷ್ಟು ಎಳೆಯುವ ಪ್ರಮೇಯವೇ ಇರಲಿಲ್ಲ. ಜೆ.ಸಿ. ರಸ್ತೆಯಲ್ಲಿ ಪುಡಿಗಾಸಿಗೆ ಸಿಗುವ ಪದಾರ್ಥ ಅದು.

ಆ ತೂತನ್ನು ಕೊರೆದು ದೊಡ್ಡದು ಮಾಡಿ, ಹೊಸ ಥ್ರೆಡ್ ಕೊಯ್ದು, ಹೆಲಿಕಾಯಿಲ್ ಅನ್ನುವ ತಂತಿ ಸುರುಳಿ ಕೂರಿಸಿದೆ. ಕೊರೆದ ಲೋಹದ ಪುಡಿ ಒಳಗೆ ಉಳಿಯಬಾರದು ಅಂತ ಆಯಿಲ್ ಬಿಟ್ಟು ಬಿಟ್ಟು ತೊಳೆದೆ. ಅರ್ಧ ದಿನ ಹಿಡಿಯಿತು.

ಆದರೂ ಮೇಷ್ಟ್ರಿಗೆ ಸಮಾಧಾನ ಇಲ್ಲ. "ನಿಮಗೆಲ್ಲ ಕೈಲೇ ಗೊತ್ತಾಗುತ್ತಲ್ಲಪ್ಪಾ, ನನಗೆ ಅಭ್ಯಾಸ ಇಲ್ಲ" ಅಂದರು. ಎಲ್ಲರ ತಲೆಯಲ್ಲೂ ಇರುವುದು ಇದೇ ಅಲ್ವಾ? ಮೆಕ್ಯಾನಿಕ್ ಕೈಗೆ ಎಲ್ಲ ಗೊತ್ತು ಅಂತ. ಅದಕ್ಕೆ ಅವತ್ತು ಒಂದು ಪರೀಕ್ಷೆ ಮಾಡಿದೆ. ಗುಜರಿಗೆ ಹಾಕಬೇಕಿದ್ದ ಇಂಜಿನ್ ಕೇಸನ್ನು ವೈಸಿಗೆ ಕಚ್ಚಿಸಿ, ಒಂದು ಬೋಲ್ಟ್ ಹಾಕಿ, ಟಾರ್ಕ್ ರೆಂಚ್ ಕೊಟ್ಟೆ, ಎಷ್ಟು ನ್ಯೂಟನ್ ಮೀಟರ್ ಬಿತ್ತು ಅಂತ ಮುಳ್ಳಿನಲ್ಲಿ ತೋರಿಸುವ ಸ್ಪ್ಯಾನರ್ ಅದು. ಮುಳ್ಳು ನೋಡುವ ಹಾಗಿಲ್ಲ, ಮುಖ ಗೋಡೆ ಕಡೆಗೆ. 25 ಆಯ್ತು ಅನ್ನಿಸಿದಾಗ ನಿಲ್ಲಿಸಬೇಕು. ಮೇಷ್ಟ್ರು 44ಕ್ಕೆ ನಿಲ್ಲಿಸಿದರು. ನನ್ನ ಹತ್ತಿರ ಕೆಲಸ ಕಲಿಯುವ ಹುಡುಗ 19ಕ್ಕೆ. ನಾನು 31ಕ್ಕೆ. 30 ವರ್ಷ ಇದೇ ಕೆಲಸ ಮಾಡಿದ ಕೈ ಇದು. ಮೂರು ಕೈ, ಮೂರು ಲೆಕ್ಕ, ಮೂರೂ ತಪ್ಪು. ಅವತ್ತಿನಿಂದ ನನ್ನ ಗ್ಯಾರೇಜಿನಲ್ಲಿ ಡ್ರೈನ್ ಬೋಲ್ಟನ್ನೂ ರೆಂಚ್ ಇಲ್ಲದೆ ಮುಗಿಸುವುದಿಲ್ಲ. ಮೊದಲು ನಂಬರ್, ಆಮೇಲೆ ಸ್ಪ್ಯಾನರ್.

ಕೈ ಯಾಕೆ ಮೋಸ ಹೋಗುತ್ತದೆ? ನೀವು ಹಾಕುವ ಬಲದಲ್ಲಿ ನೂರಕ್ಕೆ ಸುಮಾರು 90 ಪಾಲು ಬೋಲ್ಟ್ ತಲೆ ಕೆಳಗಿನ ಉಜ್ಜಾಟಕ್ಕೆ, ಥ್ರೆಡ್ ಉಜ್ಜಾಟಕ್ಕೆ ಹೋಗಿಬಿಡುತ್ತದೆ. ಬೋಲ್ಟನ್ನು ಎಳೆಯುವುದಕ್ಕೆ ಉಳಿಯುವುದು ಬರೀ 10 ಪಾಲು. ತುಕ್ಕು ಹಿಡಿದ ಬೋಲ್ಟ್ ಬೇಗ ಬಿಗಿಯಾದ ಹಾಗೆ ಅನ್ನಿಸುತ್ತದೆ, ಎಳೆತ ಬಂದಿರುವುದಿಲ್ಲ. ಆಯಿಲ್ ಹಚ್ಚಿದರೆ ಉಜ್ಜಾಟ ಕಡಿಮೆಯಾಗಿ ಅದೇ ನಂಬರಿಗೆ ಜಾಸ್ತಿ ಎಳೆಯುತ್ತದೆ. ಪುಸ್ತಕದಲ್ಲಿ ಹಚ್ಚಿ ಅಂತ ಬರೆದಿಲ್ಲದಿದ್ದರೆ ಹಚ್ಚಬೇಡಿ. ಒರೆಸಿ, ಒಣ ಥ್ರೆಡ್‌ಗೆ ಹಾಕಿ.

ಪುಸ್ತಕ ಅಂದೆ. ಎಷ್ಟು ಜನ ಅದನ್ನು ತೆರೆದಿದ್ದೀರಿ? ಗಾಡಿ ತಂದ ದಿನ ಪ್ಲಾಸ್ಟಿಕ್ ಕವರಿನ ಸಮೇತ ಬೀರುವಿನಲ್ಲಿ ಇಟ್ಟದ್ದು ಇನ್ನೂ ಅಲ್ಲೇ ಇರುತ್ತದೆ. ದಯವಿಟ್ಟು ತೆಗೆಯಿರಿ. ಅರ್ಧ ಗಂಟೆಯ ವಿಡಿಯೊ ನೋಡಲು ಪುರುಸೊತ್ತು ಇರುವವರಿಗೆ ಒಂದು ಪುಟ ನೋಡಲು ಇರುವುದಿಲ್ಲವೇ? ಅಲ್ಲಿ ಸಿಗದಿದ್ದರೆ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಒಂದು ವಿಷಯ ಗಮನಿಸಿ. ಕೆಲವು ಕಡೆ 24 ಅಂತಲೂ ಪಕ್ಕದಲ್ಲಿ 2.4 ಅಂತಲೂ ಇರುತ್ತದೆ. ಮೊದಲನೆಯದು ನ್ಯೂಟನ್ ಮೀಟರ್, ಎರಡನೆಯದು ಕಿಲೋಗ್ರಾಂ ಮೀಟರ್. ಸುಮಾರು ಹತ್ತು ಪಟ್ಟಿನ ವ್ಯತ್ಯಾಸ. ನಿಮ್ಮ ರೆಂಚ್ ಮೇಲೆ ಯಾವುದಿದೆ ನೋಡಿಕೊಳ್ಳಿ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಮೊದಲು ಬೋಲ್ಟನ್ನು ಬೆರಳಲ್ಲೇ ಕೊನೇತನಕ ತಿರುಗಿಸಿ. ಬೆರಳಿಗೆ ಅಡ್ಡ ಬಂದರೆ ಥ್ರೆಡ್ ಓರೆಯಾಗಿದೆ, ಬಿಚ್ಚಿ ಮತ್ತೆ ಹಾಕಿ. ಮುಳ್ಳಿನ ಬದಲು ಕ್ಲಿಕ್ ಅನ್ನುವ ರೆಂಚ್ ಆದರೆ ಬೇಕಾದ ನಂಬರಿಗೆ ತಿರುಗಿಸಿಕೊಂಡು ನಿಧಾನವಾಗಿ ಎಳೆಯಿರಿ, ಒಂದು ಕ್ಲಿಕ್ ಕೇಳಿದರೆ ನಿಲ್ಲಿಸಿ. ಖಾತ್ರಿಗೆ ಅಂತ ಎರಡನೇ ಕ್ಲಿಕ್ ಬೇಡವೇ ಬೇಡ. ಆ ರೆಂಚಲ್ಲಿ ಬೋಲ್ಟ್ ಬಿಚ್ಚಬೇಡಿ. ಕೆಲಸ ಆದಮೇಲೆ ಅದರ ಅತಿ ಕಡಿಮೆ ನಂಬರಿಗೆ ತಿರುಗಿಸಿ ಇಡಿ, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋಲುತ್ತದೆ. ಇಂಜಿನ್ ಕವರಿನಲ್ಲಿ ನಾಲ್ಕೈದು ಬೋಲ್ಟ್ ಇದ್ದರೆ ಎದುರು ಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. 10 ನಂಬರ್ ಸ್ಪ್ಯಾನರ್ ಕೂರುವ ಸಣ್ಣ ಬೋಲ್ಟ್‌ಗಳ ಮೇಲೆ ವಿಶೇಷ ಕನಿಕರ ಇರಲಿ. ಅವಕ್ಕೆ ಬೇಕಾದದ್ದು ಸುಮಾರು 10 ನ್ಯೂಟನ್ ಮೀಟರ್, ಅದನ್ನು ದಾಟಲು ಒಂದು ಮಣಿಕಟ್ಟು ಸಾಕು. ಬ್ರೇಕ್ ಕ್ಯಾಲಿಪರ್, ಚಕ್ರದ ಆಕ್ಸಲ್ ನಟ್, ಇವೆರಡನ್ನೂ ರೆಂಚ್ ಇಲ್ಲದೆ ಯಾವತ್ತೂ ಮುಗಿಸಬೇಡಿ. ಅಲ್ಲಿ ತಪ್ಪಾದರೆ ಸೋರುವುದು ಆಯಿಲ್ ಅಲ್ಲ.

ರೆಂಚ್ ದುಬಾರಿ ಅನ್ನುವವರಿಗೆ ಒಂದು ಮಾತು. ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎಷ್ಟು ಬೈಕ್ ನಿಂತಿವೆ? ಎಲ್ಲರೂ ಸೇರಿ ಒಂದು ಕೊಳ್ಳಿ. ನಮ್ಮ ಬೀದಿಯಲ್ಲಿ ಹಾಗೇ ಮಾಡಿದ್ದಾರೆ. ರೆಂಚ್ ಇರುವುದು ಮೇಷ್ಟ್ರ ಮನೆಯಲ್ಲಿ. ಭಾನುವಾರ ಹುಡುಗರು ಬಾಗಿಲು ತಟ್ಟುತ್ತಾರೆ. ಮೇಷ್ಟ್ರು ನೋಟ್‌ಬುಕ್ ತೆರೆದುಕೊಂಡು, ರೆಂಚ್ ಕೈಗೆ ಕೊಡುವ ಮುಂಚೆ ಕೇಳುತ್ತಾರೆ: "ಯಾವ ಬೋಲ್ಟು? ಎಷ್ಟು?" ನಂಬರ್ ಹೇಳದವರನ್ನು ಪುಸ್ತಕ ನೋಡಿಕೊಂಡು ಬಾ ಅಂತ ವಾಪಸ್ ಕಳಿಸುತ್ತಾರೆ.

ನಮಸ್ಕಾರ.