ಮಗುವಿನ ಜೊತೆ ಘಟ್ಟ ಇಳಿಯುವವರು ಯಾರು?

ನಮಸ್ಕಾರ. ಮಗುವಿನ ಮೇಲೆ ದೌರ್ಜನ್ಯ ನಡೆದ ಸುದ್ದಿ ಬಂದಾಗಲೆಲ್ಲ ನಾವು ಆಡುವುದು ಒಂದೇ ಮಾತು: ಕಠಿಣ ಶಿಕ್ಷೆಯಾಗಲಿ. ಆಗಲೇಬೇಕು. ಆದರೆ ದೂರು ದಾಖಲಾದ ದಿನದಿಂದ ತೀರ್ಪು ಬರುವವರೆಗೆ ಆ ಮಗು ಎಲ್ಲೆಲ್ಲಿ ಅಲೆಯಬೇಕು, ಯಾರ ಕೈ ಹಿಡಿದು ಹೋಗಬೇಕು, ಆ ದಿನಗಳಲ್ಲಿ ತಾಯಿಯ ಕೂಲಿ ಏನಾಗುತ್ತದೆ? ಇದನ್ನು ಕೇಳುವವರು ಬಹಳ ಕಡಿಮೆ.

ನಮ್ಮ ಉತ್ತರ ಕನ್ನಡದ ನಕ್ಷೆಯನ್ನು ಒಮ್ಮೆ ನೆನಪಿಸಿಕೊಳ್ಳಿ. 12 ತಾಲೂಕುಗಳು, ಜಿಲ್ಲಾ ಕೇಂದ್ರ ಕಾರವಾರ ಮಾತ್ರ ಗೋವಾ ಗಡಿಯ ಒಂದು ಮೂಲೆಯಲ್ಲಿ. ಮುಂಡಗೋಡದ ಮಗು ಕಾರವಾರಕ್ಕೆ ಬರಬೇಕೆಂದರೆ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲೆಯ ಮೇಲೆ ಹಾಯ್ದು ಬರಬೇಕು. ಭಟ್ಕಳದ ಮಗುವಿಗೆ ಇಡೀ ಕರಾವಳಿಯ ಉದ್ದಳತೆ. ಮಳೆಗಾಲದಲ್ಲಿ ಅದೂ ಖಾತ್ರಿಯಿಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ದಿನಗಟ್ಟಲೆ ಮುಚ್ಚಿಹೋಗಿದ್ದನ್ನು ನಾವ್ಯಾರೂ ಮರೆತಿಲ್ಲ.

ಬಾಲನ್ಯಾಯ ಕಾಯ್ದೆ, 2015, ರಕ್ಷಣೆ ಬೇಕಾದ ಮಗುವನ್ನು 24 ಗಂಟೆಯೊಳಗೆ ಇಂಥ ಮಕ್ಕಳ ವಿಷಯ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ. ಜೊತೆಗೆ, ಪ್ರಯಾಣದ ಸಮಯವನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ ಎಂದೂ ಹೇಳುತ್ತದೆ. ಕಡತಕ್ಕೆ ಇದು ಸರಿ. ಆದರೆ ಹೆದರಿದ ಮಗುವಿಗೆ ಆ ಬಿಟ್ಟುಹೋದ ಗಂಟೆಗಳೇ ಅತ್ಯಂತ ಉದ್ದವಾದವು, ಪಕ್ಕದ ಸೀಟಿನಲ್ಲಿ ಯಾರು ಕೂತಿದ್ದಾರೆ ಎಂಬುದು ಆಗ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ಈ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ ನಿಯಮಗಳು, 2020, 'ಬೆಂಬಲ ವ್ಯಕ್ತಿ' ಎಂಬ ಒಬ್ಬರನ್ನು ಗುರುತಿಸುತ್ತವೆ. ಇವರನ್ನು ಒದಗಿಸುವುದು ಮಕ್ಕಳ ಕಲ್ಯಾಣ ಸಮಿತಿ. ತನಿಖೆಯಿಂದ ವಿಚಾರಣೆ ಮುಗಿಯುವವರೆಗೆ ಮಗುವಿನ ಜೊತೆಗಿರುವುದು, ಮುಂದಿನ ದಿನಾಂಕ ಯಾವುದು, ಅಂದು ಏನು ನಡೆಯುತ್ತದೆ, ಪ್ರಕರಣ ಯಾವ ಕಡೆಗೆ ತಿರುಗಬಹುದು ಎಂಬುದನ್ನು ಮಗುವಿಗೂ ಪಾಲಕರಿಗೂ ತಿಳಿಸುವುದು, ಕೇಳಿದ್ದನ್ನು ಹೊರಗೆ ಬಿಡದಿರುವುದು ಇವರ ಕೆಲಸ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಬೆಂಬಲ ವ್ಯಕ್ತಿ ಬೇಕೋ ಬೇಡವೋ ಎಂಬುದನ್ನು ಪಾಲಕರ ವಿವೇಚನೆಗೆ ಬಿಡಬಾರದು, ಇಂಥ ನೆರವು ಇದೆಯೆಂದು ಪ್ರತಿ ಪ್ರಕರಣದಲ್ಲೂ ಅವರಿಗೆ ತಿಳಿಸಲೇಬೇಕು ಎಂದಿತು. ಸರಿಯಾದ ಮಾತು. ಇಂಥ ವ್ಯವಸ್ಥೆ ಇದೆಯೆಂದೇ ಗೊತ್ತಿಲ್ಲದ ತಾಯಿ ಅದನ್ನು ಕೇಳುವುದಾದರೂ ಹೇಗೆ?

ಅದೇ ನಿಯಮಗಳಲ್ಲಿ ಇನ್ನೊಂದು ಅವಕಾಶವಿದೆ, ಇದನ್ನು ದಯವಿಟ್ಟು ನೆನಪಿಡಿ. ಊಟ, ಬಟ್ಟೆ, ಪ್ರಯಾಣದಂಥ ತುರ್ತು ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿ ವಿಶೇಷ ಪರಿಹಾರವನ್ನು ಶಿಫಾರಸು ಮಾಡಬಹುದು. ಶಿಫಾರಸು ತಲುಪಿದ ಒಂದು ವಾರದೊಳಗೆ ಹಣ ಕೊಡಬೇಕು. ಮೀನು ಬುಟ್ಟಿ ಹೊರುವ, ಅಡಿಕೆ ಸುಲಿಯುವ ಮನೆಗಳಲ್ಲಿ ಒಂದು ದಿನದ ದುಡಿಮೆ ತಪ್ಪುವುದೇ ದೊಡ್ಡ ಪೆಟ್ಟು. ಅದರ ಮೇಲೆ ಬಸ್ ಖರ್ಚು. ಹೀಗೆ ಎರಡು ಸಲ ಆದರೆ ಮೂರನೆಯ ಸಲಕ್ಕೆ 'ಬೇಡ, ರಾಜಿ ಮಾಡಿಕೊಳ್ಳಿ' ಎನ್ನುವ ನೆಂಟರ ಮಾತು ಹಿತವಾಗಿ ಕೇಳಿಸತೊಡಗುತ್ತದೆ. ಆ ಕುಟುಂಬವನ್ನು ನಾನು ದೂರುವುದಿಲ್ಲ. ಒಂಟಿಯಾಗಿ ಬಿಟ್ಟ ನಮ್ಮನ್ನು ದೂರುತ್ತೇನೆ.

ಭಾಷೆಯ ವಿಷಯ ಬೇರೆಯೇ ಇದೆ. ಜೋಯಿಡಾದ ಕುಣಬಿ ಮನೆಯ ಮಗುವಿನ ಬಾಯಲ್ಲಿ ಕೊಂಕಣಿ, ಗೌಳಿ ದಡ್ಡಿಯ ಮಗುವಿನ ಬಾಯಲ್ಲಿ ಮರಾಠಿಗೆ ಹತ್ತಿರದ ಮಾತು, ಭಟ್ಕಳದಲ್ಲಿ ನವಾಯತಿ, ಹಾಲಕ್ಕಿ ಕೊಪ್ಪದಲ್ಲಿ ಅವರದೇ ಕನ್ನಡ. ದುಭಾಷಿಯ ನೆರವು ಪಡೆಯಲು ಪೋಕ್ಸೋ ಕಾಯ್ದೆಯಲ್ಲೇ ದಾರಿಯಿದೆ. ಆದರೆ ತನಗೆ ಆದದ್ದನ್ನು ಹೇಳಲು ದೊಡ್ಡವರಿಗೇ ಮಾತು ಸಿಗದ ವಿಷಯವನ್ನು, ಮಗು ಶಾಲೆಯಲ್ಲಿ ಕಲಿತ ಅರೆಬರೆ ಭಾಷೆಯಲ್ಲಿ ಅಪರಿಚಿತರ ಮುಂದೆ ಹೇಳಬೇಕೆಂದು ನಾವು ಕಾಯುತ್ತೇವೆ. ಬೆಂಬಲ ವ್ಯಕ್ತಿ ಆ ತಾಲೂಕಿನವರೇ ಆಗಿದ್ದು, ಆ ಮನೆಮಾತು ಬಲ್ಲವರಾಗಿದ್ದರೆ ಮಗು ಮೊದಲ ದಿನವೇ ಬಾಯಿ ಬಿಡಬಹುದು.

ಹಾಗಾಗಿ ನನ್ನ ಬೇಡಿಕೆ ನೇರವಾಗಿದೆ. 12 ತಾಲೂಕುಗಳಲ್ಲಿ ಪ್ರತಿಯೊಂದಕ್ಕೂ ತರಬೇತಿ ಪಡೆದ ಬೆಂಬಲ ವ್ಯಕ್ತಿಗಳ ಪಟ್ಟಿ ಬೇಕು. ಅವರಿಗೆ ಗೌರವಧನವೂ ಪ್ರಯಾಣ ವೆಚ್ಚವೂ ತಡವಾಗದೆ ಸಿಗಬೇಕು. ಪುಣ್ಯದ ಕೆಲಸವೆಂದು ಹೇಳಿ ಬರಿಗೈಯಲ್ಲಿ ದುಡಿಸಿದರೆ ಯಾರೂ ಎರಡನೆಯ ವರ್ಷಕ್ಕೆ ಉಳಿಯುವುದಿಲ್ಲ. ಪಟ್ಟಿಯಲ್ಲಿ ಯಾರ್ಯಾರಿದ್ದಾರೆ ಎಂಬುದು ಪೊಲೀಸ್ ಠಾಣೆಗೂ ತಾಲೂಕು ಆಸ್ಪತ್ರೆಗೂ ಗೊತ್ತಿರಬೇಕು. ಮಗುವಿನ ಹೆಸರು ಮಾತ್ರ ಎಲ್ಲೂ ಹೊರಬೀಳಬಾರದು.

ಬಾಲಮಂದಿರದಲ್ಲಿ ಬೆಳೆದು 18 ತುಂಬಿದವರ ಬಗ್ಗೆಯೂ ಒಂದು ಮಾತು. ಅವರಿಗೆ 21 ವರ್ಷದವರೆಗೆ ಅನುಪಾಲನೆಯ, ಅಂದರೆ ಬಾಲಮಂದಿರ ಬಿಟ್ಟ ಮೇಲಿನ ಬದುಕಿನ, ನೆರವು ಕೊಡಲು ಬಾಲನ್ಯಾಯ ಕಾಯ್ದೆಯಲ್ಲಿ ಅವಕಾಶವಿದೆ. ಗೋವಾಕ್ಕೆ ಕೆಲಸ ಹುಡುಕಿಕೊಂಡು ರೈಲು ಹತ್ತುವ ಮೊದಲು ಆ ಹುಡುಗ ಹುಡುಗಿಯರಿಗೆ ಇದನ್ನು ಯಾರಾದರೂ ಹೇಳಬೇಕು.

ಈ ವಿಡಿಯೊ ನೋಡುತ್ತಿರುವ ನಿವೃತ್ತ ಶಿಕ್ಷಕಿಯರೇ, ಸಮಾಜಕಾರ್ಯ ಓದಿದ ಯುವಕ ಯುವತಿಯರೇ, ಬೆಂಬಲ ವ್ಯಕ್ತಿಯಾಗಲು ಏನು ಅರ್ಹತೆ ಬೇಕೆಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಉಳಿದವರು ನಿಮ್ಮ ಪಂಚಾಯಿತಿಯಲ್ಲಿ ಮುಂದಿನ ಮಕ್ಕಳ ಗ್ರಾಮಸಭೆ ನಡೆದಾಗ ಹೋಗಿ, ನಮ್ಮ ತಾಲೂಕಿನ ಪಟ್ಟಿ ಎಲ್ಲಿದೆ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಯಿಸಿ. ಯಾವುದೋ ಮಗು ಅಪಾಯದಲ್ಲಿದೆ ಎಂದು ಅನುಮಾನ ಬಂದರೆ ಸಭೆಗೆ ಕಾಯಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹಗಲು ರಾತ್ರಿ ಎನ್ನದೆ ಕೆಲಸ ಮಾಡುತ್ತದೆ, ಕರೆಗೆ ಹಣ ಬೇಕಿಲ್ಲ.